ಮುಟ್ಟಿತು ಅಂತ ಒಂದು ಮಾತು

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ದೇವರ ಹಿಪ್ಪರಗಿಯಿಂದ ಮಾತಾಡ್ತಿದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಬಸ್ಸಿನ ಕಿಟಕಿ ಪಕ್ಕ ಕೂತವರು, ಪಿಜಿಯ ಮಂಚದ ಮೇಲೆ ಬಿದ್ಕೊಂಡವರು, ಹೊಲದ ಬದುವಿನ ಮೇಲೆ ಕೂತು ಕೇಳೋರು, ಎಲ್ಲರೂ ಆರಾಮ ಇದ್ದೀರಿ ಅಂದ್ಕೊಳ್ತೀನಿ.

ಇವತ್ತಿನ ವಿಷಯ ಕೇಳಿದ್ರೆ ಸಣ್ಣದು ಅನಿಸಬಹುದು. ಯಾರೋ ನಿಮಗೆ ಒಂದು ಉಡುಗೊರೆ ಕೊಟ್ಟರು. ನೀವು ವಾಪಸ್ ಏನು ಕಳಿಸ್ತೀರಿ? ನಾನು ಕೇಳ್ತಿರೋದು ಮಾತಿನ ಬಗ್ಗೆ. ಕೈಮುಗಿದ ಎಮೋಜಿನಾ? "ಥ್ಯಾಂಕ್ಸ್" ಅನ್ನೋ ಒಂದೇ ಪದಾನಾ? ಇಲ್ಲಾ ಬ್ಲೂ ಟಿಕ್ ಬಿತ್ತಲ್ಲ, ನಾ ನೋಡಿದ್ದು ಅವರಿಗೆ ಗೊತ್ತಾಯ್ತು, ಸಾಕು ಅಂತ ಬಿಡ್ತೀರಾ?

ಇದನ್ನ ಯಾಕೆ ಎತ್ಕೊಂಡೆ ಅಂದ್ರೆ, ನಮ್ಮ ಕಡೆ ಹುಡುಗ ಹುಡುಗಿಯರು ಈಗ ಮನೆಯಿಂದ ದೂರ ಇದ್ದಾರೆ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲ್ಲೂಕಿನ ಊರು ಹಿಡಿದರೂ ಸರಿ, ಮನೆಗೊಬ್ಬರು ಬೆಂಗಳೂರು, ಪುಣೆ, ಗೋವಾ ಅಂತ ಹೊರಗೆ ಇರ್ತಾರೆ. ಮನೆಯಿಂದ ಅವರಿಗೆ ಗಂಟು ಹೋಗುತ್ತೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಇಂಡಿ ಕಡೆಯವರಾದ್ರೆ ಒಂದು ಚೀಲ ಲಿಂಬಿಹಣ್ಣು. ಗಂಟು ಹೋಗುತ್ತೆ. ಅದರ ಹಿಂದೆ ಬರಬೇಕಾದ ಮಾತು ಮಾತ್ರ ಎಷ್ಟೋ ಸಲ ಬರೋದೇ ಇಲ್ಲ.

ಮೊದಲು ಒಂದು ಕಷ್ಟ ಒಪ್ಪಿಕೊಳ್ಳೋಣ. ನಮ್ಮ ಮನೆಗಳಲ್ಲಿ "ಧನ್ಯವಾದ" ಅನ್ನೋ ಪದ ಬಾಯಿಗೆ ಬರೋದಿಲ್ಲ. ಅದು ಭಾಷಣದ ಪದ. ವೇದಿಕೆ ಮೇಲೆ ಕೊನೆಗೆ ವಂದನಾರ್ಪಣೆ ಮಾಡೋರ ಪದ. ನಿಮ್ಮ ಕಾಕು ಬಿಸಿ ರೊಟ್ಟಿ ತಟ್ಟಿ ತಾಟಿಗೆ ಹಾಕಿದಾಗ "ಧನ್ಯವಾದಗಳು ಕಾಕು" ಅಂದು ನೋಡ್ರಿ. ಕೈಯಲ್ಲಿದ್ದ ಹಿಟ್ಟು ಹಂಗೇ ಬಿಟ್ಟು ನಿಮ್ಮ ಮುಖ ನೋಡ್ತಾರೆ. "ಯಾಕೋ ತಮ್ಮಾ, ನಾ ಏನು ಹೊರಗಿನಾಕಿ ಆದೆನು?" ಅಂತಾರೆ. ನೀವು ಮರ್ಯಾದೆ ಕೊಟ್ಟಿರಿ, ಅವರಿಗೆ ದೂರ ಮಾಡಿದಂಗೆ ಆಯ್ತು.

ಇದು ನಮ್ಮ ಕಡೆಯವರ ಒರಟುತನ ಅಂತ ಕೆಲವರು ಅಂದುಕೊಳ್ತಾರೆ. ಅದು ತಪ್ಪು ತಿಳುವಳಿಕೆ. 2018ರಲ್ಲಿ ರಾಯಲ್ ಸೊಸೈಟಿ ಓಪನ್ ಸೈನ್ಸ್ ಅನ್ನೋ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 5 ಖಂಡಗಳ 8 ಭಾಷೆಗಳ ಜನ ತಮ್ಮ ಮನೆಯಲ್ಲಿ, ಊರಲ್ಲಿ ದಿನನಿತ್ಯ ಮಾತಾಡೋದನ್ನ ರೆಕಾರ್ಡ್ ಮಾಡಿಕೊಂಡು ನೋಡಿದರು. ಉಪ್ಪು ಕೊಡು, ಬಾಗಿಲು ಹಾಕು, ಆ ಹಗ್ಗ ಇತ್ತ ಎಸಿ, ಇಂಥ ಸಣ್ಣ ಸಣ್ಣ ಬೇಡಿಕೆಗಳು. ಕೇಳಿದ್ದು ಸಿಕ್ಕ ಮೇಲೆ ಬಾಯಿಬಿಟ್ಟು ಕೃತಜ್ಞತೆ ಹೇಳಿದ್ದು ಸರಾಸರಿ 20 ಸಲಕ್ಕೆ ಒಂದು ಸಲ ಅಷ್ಟೇ. ಇಂಗ್ಲಿಷ್ ಮತ್ತು ಇಟಾಲಿಯನ್ ಮಾತಾಡೋರು ಉಳಿದವರಿಗಿಂತ ಹೆಚ್ಚು ಹೇಳಿದರು. ಈಕ್ವೆಡಾರ್ ದೇಶದ ಚಪಲಾ ಅನ್ನೋ ಭಾಷೆಯಲ್ಲಿ ಅದಕ್ಕೊಂದು ಸಿದ್ಧ ಮಾತೇ ಇಲ್ಲ. ಆದರೂ ಎಲ್ಲ ಕಡೆ ಜನ ಒಬ್ಬರಿಗೊಬ್ಬರು ಸಹಾಯ ಮಾಡ್ತಾನೇ ಇದ್ದರು. ಮನೆಯವರ ನಡುವೆ ಸಹಾಯ ಅನ್ನೋದು ನಡೆದೇ ನಡೆಯೋ ವಿಷಯ. ಅದಕ್ಕೆ ಪದೇ ಪದೇ ಮಾತಿನ ರಸೀದಿ ಬೇಕಿಲ್ಲ.

ಉಡುಗೊರೆ ಮಾತ್ರ ಉಪ್ಪಿನ ಡಬ್ಬಿ ಕೊಟ್ಟಂಗೆ ಅಲ್ಲ. ಉಡುಗೊರೆಗೆ ಉತ್ತರ ಬೇಕು. ಆ ಉತ್ತರವನ್ನ ನಮ್ಮ ಹಿರಿಯರು ಬಾಯಲ್ಲಿ ಹೇಳ್ತಿರಲಿಲ್ಲ, ಮಾಡಿ ತೋರಿಸ್ತಿದ್ದರು.

ನೀವೇ ನೆನಪು ಮಾಡ್ಕೊಳ್ರಿ. ಪಕ್ಕದ ಮನೆಯಿಂದ ಡಬ್ಬಿಯಲ್ಲಿ ಹುಗ್ಗಿ ಬಂದ್ರೆ ಅವ್ವ ಆ ಡಬ್ಬಿನ ಖಾಲಿ ವಾಪಸ್ ಕೊಡೋದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆನಾದ್ರೂ ಹಾಕಿ ಕೊಡ್ತಾರೆ. ಉಡಿ ತುಂಬುವಾಗ ಹೆಣ್ಣುಮಗಳು ಸೆರಗು ಒಡ್ಡಿ ತಗೊಳ್ತಾಳೆ. ಮುತ್ಯಾಗೆ ಹೊಸ ಧೋತರ ಕೊಟ್ಟರೆ ಎರಡೂ ಕೈಲಿ ತಗೊಂಡು ಕಣ್ಣಿಗೆ ಒತ್ತಿಕೊಳ್ತಾರೆ. ದಸರಾ ದಿನ ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಅಂತೀವಿ, ಎದುರಿನವರೂ ಬನ್ನಿ ಕೊಟ್ಟು ಅದನ್ನೇ ಅಂತಾರೆ. ಸಂಕ್ರಾಂತಿಗೆ ಕುಸುರೆಳ್ಳು ಹಂಗೇ. ಅಲ್ಲಿ ಕೊಡೋದೂ ತಗೊಳ್ಳೋದೂ ಒಂದೇ ಸಲಕ್ಕೆ ಮುಗಿಯುತ್ತೆ, ಯಾರು ಯಾರಿಗೆ ಋಣಿ ಅನ್ನೋ ಪ್ರಶ್ನೆನೇ ಬರೋದಿಲ್ಲ.

ಇನ್ನು ಮದುವೆಯ ಆಯೇರಿ. ಮೈಸೂರು ಕಡೆಯ ಕೇಳುಗರಿಗೆ ಹೇಳ್ತೀನಿ, ನೀವು ಮುಯ್ಯಿ ಅಂತೀರಲ್ಲ, ಅದಕ್ಕೇ ನಾವು ಆಯೇರಿ ಅನ್ನೋದು. ಕೆಲವರು ಆಹೇರ ಅಂತಾರೆ. ಮರಾಠಿಯಲ್ಲೂ ಆಹೇರ್ ಅಂತಾನೇ ಇದೆ, ನಾವು ಗಡಿ ಜಿಲ್ಲೆಯವರು ನೋಡ್ರಿ. ಹೆಣ್ಣುಮಕ್ಕಳಿಗೆ ಸೀರೆ, ಜಂಪರ್ ಪೀಸು, ಗಂಡಸರಿಗೆ ಟೋಪಿ ಟಾವೆಲ್ಲು, ಇಲ್ಲಾ ರೊಕ್ಕ. ಹಳ್ಳಿ ಮದುವೆಯಲ್ಲಿ ಮೈಕು ಹಿಡಿದವನು ಇಂಥ ಊರಿನ ಇಂಥವರಿಂದ ನೂರಾ ಒಂದು ರೂಪಾಯಿ ಆಯೇರಿ ಅಂತ ಕೂಗ್ತಾನೆ. ಪಕ್ಕದಲ್ಲಿ ಒಬ್ಬರು ವಹಿ ಹಿಡಿದು ಬರ್ಕೊಳ್ತಾರೆ. ಊರು, ಹೆಸರು, ರೊಕ್ಕ, ಬಟ್ಟೆ.

ನಮ್ಮ ಮನೆಯಲ್ಲೂ ಅಂಥ ವಹಿ ಇದೆ. ಕೆಂಪು ರಟ್ಟಿನದು, ಮೂಲೆ ಸವೆದದ್ದು. ಒಂದು ಮದುವೆಗೆ ಹೊರಡೋ ಮುಂಚೆ ನಮ್ಮ ಮುತ್ಯಾ ಅದನ್ನ ತೆಗೆದು ಕನ್ನಡಕ ಏರಿಸ್ಕೊಂಡು ಬೆರಳಿಂದ ಹೆಸರು ಹುಡುಕ್ತಿದ್ದರು. "ಅವರು ನಮ್ಮ ಮನ್ಯಾಗಿನ ಲಗ್ನಕ್ಕ ಐವತ್ತೊಂದು ಕೊಟ್ಟಾರ. ನಾವು ನೂರಾ ಒಂದು ಕೊಡಬೇಕು" ಅಂತಿದ್ದರು. ಯಾರಾದರೂ ಮದುವೆಗೆ ಬಂದು ಹತ್ತು ದಿನ ಅಡುಗೆ ಮನೆಯಲ್ಲಿ ದುಡಿದಿದ್ದರೆ, ಅದು ವಹಿಯಲ್ಲಿ ಇರ್ತಿರಲಿಲ್ಲ, ಮುತ್ಯಾನ ತಲೆಯಲ್ಲಿ ಇರ್ತಿತ್ತು. "ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ" ಅಂತ ಗಾದೆ ಇದೆಯಲ್ಲ, ಆ ನೆನಪಿಗೆ ಒಂದು ವಹಿ ಬೇಕಿತ್ತು. ನಮ್ಮವರ ಥ್ಯಾಂಕ್ಯೂ ಕಾರ್ಡು ಅಂದ್ರೆ ಅದೇ. ಬರೆದಿಡೋದು, ನೆನಪಿಡೋದು, ಸಮಯ ಬಂದಾಗ ಎದ್ದು ಹೋಗೋದು.

ಇದಕ್ಕೆ ಇನ್ನೊಂದು ಮುಖ ಇದೆ, ಅದನ್ನೂ ಹೇಳಬೇಕು. ವಹಿ ಅಂದ್ರೆ ಲೆಕ್ಕ. ಲೆಕ್ಕ ಅಂದ್ರೆ ಸಾಲ. ಮಳೆ ಕೈಕೊಟ್ಟ ವರ್ಷ, ತೊಗರಿ ಒಣಗಿದ ವರ್ಷ, ಒಂದೇ ತಿಂಗಳಲ್ಲಿ ಐದು ಲಗ್ನಪತ್ರಿಕೆ ಮನೆಗೆ ಬಂದಾಗ ಆ ಮನೆಯವರ ಎದೆ ಹೊಡ್ಕೊಳ್ಳುತ್ತೆ. ಆಯೇರಿ ಮಾಡೋಕೆ ಕೈಗಡ ತರೋರು ಇದ್ದಾರೆ. ಅದಕ್ಕಿಂತ ಬೇಜಾರು ಅಂದ್ರೆ, ಆಯೇರಿ ಮಾಡೋಕೆ ಆಗೋದಿಲ್ಲ ಅಂತ ಮದುವೆಗೇ ಹೋಗದೆ ಮನೆಯಲ್ಲಿ ಕೂರೋರು ಇದ್ದಾರೆ. ಅವರಿಗೆ ಮೈಯಲ್ಲಿ ಆರಾಮ ಇರಲಿಲ್ಲ ಅಂತ ಆಮೇಲೆ ಸುಳ್ಳು ಹೇಳ್ತಾರೆ. ಅದಕ್ಕೇ ಈಗ ಎಷ್ಟೋ ಲಗ್ನಪತ್ರಿಕೆಯಲ್ಲಿ ಉಡುಗೊರೆ ಬೇಡ, ಆಶೀರ್ವಾದ ಸಾಕು ಅಂತ ಅಚ್ಚು ಹಾಕಿಸ್ತಾರೆ.

ಫ್ರಾನ್ಸಿನ ಮಾರ್ಸೆಲ್ ಮೋಸ್ ಅನ್ನೋ ವಿದ್ವಾಂಸ 1925ರಲ್ಲಿ ಉಡುಗೊರೆ ಬಗ್ಗೆನೇ ಒಂದು ದೊಡ್ಡ ಪ್ರಬಂಧ ಬರೆದ. ಅವನು ಹೇಳಿದ್ದು ಇಷ್ಟು: ಉಡುಗೊರೆಯಲ್ಲಿ ಮೂರು ಕಟ್ಟುಪಾಡು ಇರುತ್ತವೆ. ಕೊಡಬೇಕು, ತಗೋಬೇಕು, ತಿರುಗಿ ಕೊಡಬೇಕು. ನಮ್ಮ ಮುತ್ಯಾ ಮೋಸ್‌ನ ಹೆಸರು ಕೇಳಿಲ್ಲ, ಆದರೆ ವಹಿಯಲ್ಲಿ ಮೂರೂ ಇದ್ದವು.

ತಿರುಗಿ ಕೊಡೋದರ ಭಾರ ಎಲ್ಲಿವರೆಗೆ ಹೋಗಬಹುದು ಅನ್ನೋದಕ್ಕೆ ನಮ್ಮ ನೆಲದಲ್ಲೇ ಒಂದು ಕಥೆ ಇದೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಕಲ್ಯಾಣದಲ್ಲಿ ಇದ್ದಾಗ, ಅಂದ್ರೆ 12ನೇ ಶತಮಾನದಲ್ಲಿ, ಸಮಗಾರ ಹರಳಯ್ಯ ದಾರಿಯಲ್ಲಿ ಎದುರಾದ. "ಶರಣು" ಅಂದ. ಬಸವಣ್ಣ "ಶರಣು ಶರಣಾರ್ಥಿ" ಅಂದ. ಹರಳಯ್ಯನ ಮನಸ್ಸಿಗೆ ಚುಚ್ಚಿತು. ನಾನು ಒಂದು ಶರಣು ಕೊಟ್ಟೆ, ಅವರು ಎರಡು ಕೊಟ್ಟರು, ಒಂದು ಶರಣು ನನ್ನ ಮೇಲೆ ಹೊರೆಯಾಗಿ ಉಳೀತು ಅಂತ. ಅದನ್ನ ತೀರಿಸೋಕೆ ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಹೊಲಿದರು. ಬಸವಣ್ಣ ಅದನ್ನ ಕಾಲಿಗೆ ಹಾಕಲಿಲ್ಲ, ತಲೆ ಮೇಲೆ ಇಟ್ಟುಕೊಂಡ ಅಂತ ಕಥೆ ಹೇಳ್ತಾರೆ.

ನಾಟಕದಲ್ಲಿ, ಪುರಾಣದಲ್ಲಿ ಈ ಕಥೆ ಭಕ್ತಿಯ ಕಥೆಯಾಗಿ ಬರುತ್ತೆ. ನಾನು ಅದರಲ್ಲಿ ಇನ್ನೊಂದು ವಿಷಯ ನೋಡ್ತೀನಿ. ಒಂದು ಮಾತು ಅನ್ನೋದು ನಮ್ಮ ಕಡೆ ಉಡುಗೊರೆಯಷ್ಟೇ ತೂಕದ್ದು. ಎದುರಿಗೆ ಸಿಕ್ಕಾಗ ಆಡಿದ ಒಂದು ಪದವನ್ನ ಒಬ್ಬ ಮನುಷ್ಯ ಮನೆಗೆ ಹೊತ್ಕೊಂಡು ಹೋಗ್ತಾನೆ. ಮೇಲುಕೀಳಿನ ಆ ಕಾಲದಲ್ಲಿ, ಸಮಗಾರನಿಗೆ ಮಂತ್ರಿಯೊಬ್ಬ ಎರಡು ಸಲ ಶರಣು ಅಂದಿದ್ದಕ್ಕೆ ಎಷ್ಟು ಬೆಲೆ ಇತ್ತು ಅಂತ ಹರಳಯ್ಯನಿಗೆ ಗೊತ್ತಿತ್ತು. ಹಂಗಾದ್ರೆ ಮಾತಿಗೆ ಬೆಲೆ ಇಲ್ಲ, ಮಾಡಿ ತೋರಿಸಿದ್ರೆ ಸಾಕು ಅನ್ನೋದು ನಮ್ಮ ಸಂಪ್ರದಾಯ ಅಂತ ಹೇಳೋಕೆ ಬರೋದಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಡಬ್ಬಿ ವಾಪಸ್ ಕೊಡೋದು, ಸೆರಗು ಒಡ್ಡೋದು, ಕಣ್ಣಿಗೆ ಒತ್ತಿಕೊಳ್ಳೋದು, ಇವೆಲ್ಲ ನಡೆಯೋದು ಇಬ್ಬರೂ ಒಂದೇ ಕಡೆ ಇದ್ದಾಗ. ಕೊಟ್ಟವರು ನಿಮ್ಮ ಮುಖ ನೋಡ್ತಿರ್ತಾರೆ. ದೂರ ಇದ್ದಾಗ ಮುಖ ಕಾಣೋದಿಲ್ಲ. ಆವಾಗ ಏನು ಮಾಡ್ತಿದ್ದರು?

ಮನಿಯಾರ್ಡರ್ ನೆನಪಿದೆಯಾ? ನಿಮಗೆ ಇರಲಿಕ್ಕಿಲ್ಲ, ಮನೆಯಲ್ಲಿ ಹಿರಿಯರನ್ನ ಕೇಳ್ರಿ. 1880ರಲ್ಲಿ ನಮ್ಮ ದೇಶದ ಅಂಚೆಯಲ್ಲಿ ಶುರುವಾದ ಪದ್ಧತಿ ಅದು. ಸೊಲ್ಲಾಪುರಕ್ಕೋ ಮುಂಬಯಿಗೋ ದುಡಿಯೋಕೆ ಹೋದ ಮಗ ರೊಕ್ಕ ಕಳಿಸ್ತಿದ್ದ. ಆ ಫಾರಂನಲ್ಲಿ ಎರಡು ಸಾಲು ಬರೆಯೋಕೆ ಒಂದು ತುಂಡು ಜಾಗ. ಇನ್ನೊಂದು ತುಂಡು ಇರ್ತಿತ್ತು, ರೊಕ್ಕ ತಗೊಂಡವರು ಅದರ ಮೇಲೆ ಸಹಿ ಹಾಕಬೇಕು, ಬರೆಯೋಕೆ ಬಾರದವರು ಹೆಬ್ಬೆಟ್ಟು ಒತ್ತಬೇಕು. ಆ ತುಂಡು ವಾಪಸ್ ಕಳಿಸಿದವನ ಕೈಗೆ ಹೋಗ್ತಿತ್ತು. ಯೋಚನೆ ಮಾಡ್ರಿ, ಮುಂಬಯಿಯ ಒಂದು ಕೋಣೆಯಲ್ಲಿ ಕೂತ ಹುಡುಗನಿಗೆ ಅವ್ವನ ಹೆಬ್ಬೆಟ್ಟು ಬಂದು ಮುಟ್ತಿತ್ತು. ಅದರಲ್ಲಿ ಧನ್ಯವಾದ ಅನ್ನೋ ಪದ ಇಲ್ಲ. ಆದರೆ ಅವ್ವ ಇದ್ದಾಳೆ, ರೊಕ್ಕ ಅವಳ ಕೈಗೇ ಹೋಗಿದೆ ಅನ್ನೋದು ಇದೆ. ಹಳೇ ಪತ್ರಗಳೂ ಹಂಗೇ. ಕ್ಷೇಮ ಸಮಾಚಾರ ಆದ ತಕ್ಷಣ ಬರ್ತಿದ್ದ ಸಾಲು ಯಾವುದು ಅಂದ್ರೆ, ನೀವು ಕಳಿಸಿದ್ದು ಮುಟ್ಟಿತು ಅಂತ.

ಈಗ ಯುಪಿಐ. 2016ರಲ್ಲಿ ಬಂತು, ಇವತ್ತು ಚಹಾದ ಅಂಗಡಿಯಲ್ಲೂ ರೊಕ್ಕ ಬಂದಿದೆ ಅಂತ ಡಬ್ಬಿ ಕೂಗುತ್ತೆ. ಆಯೇರಿನೂ ಕ್ಯೂಆರ್ ಕೋಡ್ ಮೇಲೆ ಹೋಗುತ್ತೆ. ಪಾರ್ಸೆಲ್ ಕಳಿಸಿದ್ರೆ ಡೆಲಿವರ್ಡ್ ಅಂತ ಮೆಸೇಜ್ ಬರುತ್ತೆ. ಮುಟ್ಟಿತು ಅಂತ ಹೇಳೋ ಕೆಲಸವನ್ನ ಯಂತ್ರ ಮಾಡ್ತಿದೆ. ಅದಕ್ಕೇ ನಮಗೆ ಅನಿಸುತ್ತೆ, ಹೆಂಗೂ ಅವರಿಗೆ ಗೊತ್ತಾಗಿದೆ, ಮತ್ತೆ ಯಾಕೆ ಹೇಳಬೇಕು ಅಂತ.

ಯಂತ್ರ ಹೇಳೋದು ಬಾಗಿಲವರೆಗಿನ ಸುದ್ದಿ. ಬಾಗಿಲಿಂದ ಒಳಗಿನ ಸುದ್ದಿ ನೀವೇ ಹೇಳಬೇಕು.

ನಮ್ಮ ಓಣಿಯ ಒಬ್ಬ ಆಯಿ ಮೊಮ್ಮಗಳಿಗೆ ಅಂತ ಕೌದಿ ಹೊಲಿದಳು. ಕೌದಿ ಅಂದ್ರೆ ಗೊತ್ತಲ್ಲ, ಹಳೇ ಸೀರೆ ಪದರು ಪದರಾಗಿ ಇಟ್ಟು ಕೈಯಿಂದ ಹೊಲಿಯೋ ಹೊದಿಕೆ. ಮಧ್ಯಾಹ್ನ ಕಟ್ಟೆ ಮೇಲೆ ಕೂತು, ದಾರ ಸೂಜಿಗೆ ಪೋಣಿಸಿಕೊಡು ಅಂತ ದಾರಿಯಲ್ಲಿ ಹೋಗೋ ಮಕ್ಕಳನ್ನ ಕರೀತಿದ್ದಳು, ಕಣ್ಣು ಕಾಣಿಸ್ತಿರಲಿಲ್ಲ. ಬೇಸಿಗೆ ಪೂರ್ತಿ ಹೊಲಿದಳು. ಮೊಮ್ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಇದ್ದಳು. ಕೌದಿ ಬಸ್ಸಿನಲ್ಲಿ ಹೋಯ್ತು. ಮೊಮ್ಮಗಳ ತಮ್ಮನ ಫೋನಿಗೆ ಒಂದು ಥಂಬ್ಸ್ ಅಪ್ ಬಂತು. ತಮ್ಮ ಅದನ್ನ ನೋಡಿದ, ಮುಂದೆ ಹೋದ. ಆಯಿ ಹತ್ತಿರ ಫೋನ್ ಇಲ್ಲ. ಹದಿನೈದು ದಿನ ಆದ ಮೇಲೂ ಆಯಿ ಕಟ್ಟೆ ಮೇಲೆ ಕೂತು ಬಂದವರನ್ನೆಲ್ಲ ಕೇಳ್ತಿದ್ದಳು. "ಕೌದಿ ಮುಟ್ಟಿತಂತೇನ? ಥಂಡಿ ಊರಂತ ಅದು. ಹೊಚ್ಗೊಂಡಾಳಂತೇನ?"

ಆಯಿ ಕೇಳ್ತಿದ್ದದ್ದು ಥ್ಯಾಂಕ್ಸ್ ಅಲ್ಲ ರೀ. ಮೊಮ್ಮಗಳು ಹೊದ್ದುಕೊಂಡಳಾ ಅಂತ. ಅಷ್ಟು ತಿಳಿದಿದ್ದರೆ ಅವಳ ಬೇಸಿಗೆ ಪೂರ್ತಿ ಸಾರ್ಥಕ ಆಗ್ತಿತ್ತು. ಮೊಮ್ಮಗಳು ಆ ಕೌದಿ ದಿನಾ ಹೊದ್ದು ಮಲಗ್ತಿದ್ದಳು ಅಂತ ಆಮೇಲೆ ಅವಳೇ ಊರಿಗೆ ಬಂದಾಗ ಹೇಳಿದಳು. ಪ್ರೀತಿ ಇತ್ತು. ಆದರೆ ಆ ಪ್ರೀತಿ ಕಟ್ಟೆವರೆಗೆ ಬಂದು ಮುಟ್ಟಿರಲಿಲ್ಲ.

ನಾನು ಇವತ್ತು ಹೇಳಬೇಕು ಅಂದ್ಕೊಂಡ ಒಂದೇ ಮಾತು ಇದು. ಥ್ಯಾಂಕ್ಯೂ ಸಂದೇಶ ಅಂದ್ರೆ ಸಾಲ ತೀರಿಸೋದು ಅಂತ ತಿಳ್ಕೋಬೇಡ್ರಿ. ಮುಟ್ಟಿತು ಅಂತ ತಿಳಿಸೋದು. ಕೈಗೆ ಮುಟ್ಟಿತು, ಬಳಕೆಗೆ ಬಂತು, ಮನಸ್ಸಿಗೂ ಮುಟ್ಟಿತು. ಹಿಂಗೆ ನೋಡಿದ್ರೆ ಬಾಯಿ ಕಟ್ಟೋದಿಲ್ಲ, ಹೊರಗಿನವರ ಥರಾನೂ ಅನಿಸೋದಿಲ್ಲ.

ಹೆಂಗೆ ಬರೀಬೇಕು ಅಂತ ಈಗ ಹೇಳ್ತೀನಿ. ಕಷ್ಟ ಏನಿಲ್ಲ.

ಮೊದಲನೇದು, ಬೇಗ ಹೇಳ್ರಿ. ಗಂಟು ಬಂದ ದಿನಾನೇ, ಬಿಚ್ಚಿ ನೋಡಿದ ಕೂಡಲೇ. ಚಂದ ಬರೀಬೇಕು ಅಂತ ಕಾಯ್ತಾ ಕೂತರೆ ವಾರ ಹೋಗುತ್ತೆ, ವಾರ ಹೋದ ಮೇಲೆ ನಾಚಿಕೆ ಬರುತ್ತೆ, ನಾಚಿಕೆಯಿಂದ ತಿಂಗಳು ಹೋಗುತ್ತೆ. ತಡ ಆಗಿದ್ದರೂ ಹೇಳ್ರಿ. ಆದರೆ ತಡ ಆಗಿದ್ದಕ್ಕೆ ಹತ್ತು ಸಾಲು ಕಾರಣ ಕೊಡಬೇಡ್ರಿ, ನೇರ ವಸ್ತುವಿನ ಬಗ್ಗೆ ಮಾತಾಡ್ರಿ.

ಎರಡನೇದು, ವಸ್ತುವಿನ ಹೆಸರು ಹೇಳ್ರಿ. "ಗಿಫ್ಟ್‌ಗೆ ಥ್ಯಾಂಕ್ಸ್" ಅಂದ್ರೆ ಅದನ್ನ ನೂರು ಜನಕ್ಕೂ ಕಳಿಸಬಹುದು. "ಹಸಿರು ದಡಿ ಇಳಕಲ್ ಸೀರೆ" ಅಂದ್ರೆ ಅದು ಅತ್ತಿಗೆ ಮಾತ್ರ ಹೋಗೋ ಮಾತು.

ಮೂರನೇದು, ಆ ವಸ್ತು ಈಗ ಎಲ್ಲಿದೆ, ಏನಾಯ್ತು ಅಂತ ಹೇಳ್ರಿ. ಇದೇ ಮುಖ್ಯ. ಉದಾಹರಣೆಗೆ ಹಿಂಗೆ: "ಕಾಕು, ಶೇಂಗಾ ಹೋಳಿಗೆ ಮುಟ್ಟಿದವು. ಒಂದೂ ಮುರಿದಿಲ್ಲ. ರೂಮಿನವರು ಮೂರು ಮಂದಿ ಕೂಡಿ ಒಂದೇ ರಾತ್ರಿ ಮುಗಿಸಿಬಿಟ್ಟರು, ನನಗ ಎರಡೇ ಸಿಕ್ಕವು. ಮೊಣಕಾಲು ನೋವು ಹೆಂಗದ ಈಗ?" ನೋಡ್ರಿ, ಧನ್ಯವಾದ ಅನ್ನೋ ಪದ ಎಲ್ಲೂ ಇಲ್ಲ. ಆದರೂ ಕಾಕು ಈ ಮೆಸೇಜನ್ನ ನಾಲ್ಕು ಮನೆಗೆ ತೋರಿಸ್ತಾರೆ.

ನಾಲ್ಕನೇದು, ಕೊನೆಗೆ ಅವರ ಬಗ್ಗೆ ಒಂದು ಮಾತು ಕೇಳ್ರಿ. ಮೊಣಕಾಲು ನೋವು, ಎಮ್ಮೆ ಈದಿದ್ದು, ಬೋರ್‌ವೆಲ್ ನೀರು, ಏನಾದ್ರೂ. ಮಾತು ಬರೀ ವಸ್ತುವಿನ ಮೇಲೆ ನಿಲ್ಲಬಾರದು, ಕೊಟ್ಟವರ ಹತ್ತಿರ ಹೋಗಿ ನಿಲ್ಲಬೇಕು.

ಐದನೇದು, ಅವರಿಗೆ ಮುಟ್ಟೋ ದಾರಿಯಲ್ಲಿ ಕಳಿಸ್ರಿ. ಓದೋಕೆ ಬಾರದವರಿಗೆ ಟೈಪ್ ಮಾಡಿ ಏನು ಉಪಯೋಗ? ವಾಯ್ಸ್ ನೋಟ್ ಕಳಿಸ್ರಿ. ಅದನ್ನ ಹತ್ತು ಸಲ ಹಾಕಿಸ್ಕೊಂಡು ಕೇಳ್ತಾರೆ. ಫೋನೇ ಇಲ್ಲದವರಿಗೆ ತಮ್ಮನ ಫೋನಿಗೆ ಕರೆ ಮಾಡಿ, "ಆಯಿ ಕೈಯಾಗ ಕೊಡು" ಅನ್ರಿ. ನಿಮ್ಮ ಊರಿನ ಮಾತಿನಲ್ಲೇ ಮಾತಾಡ್ರಿ. ಬೆಂಗಳೂರಿಗೆ ಹೋದ ಮೇಲೆ ಕಲಿತ ಕನ್ನಡದಲ್ಲಿ ಹೇಳಿದ್ರೆ ಅವರಿಗೆ ಬೇರೆ ಯಾರೋ ಮಾತಾಡಿದಂಗೆ ಅನಿಸುತ್ತೆ.

ಇನ್ನು ಕೆಲವು ಸೂಕ್ಷ್ಮ ಇವೆ.

ರೊಕ್ಕ ಕೊಟ್ಟಿದ್ದರೆ ಮೊತ್ತ ಹೇಳಬೇಡ್ರಿ, ಅದರಲ್ಲೂ ಫ್ಯಾಮಿಲಿ ಗ್ರೂಪಿನಲ್ಲಿ. ಒಬ್ಬ ಮಾವ ಐದು ಸಾವಿರ ಕೊಟ್ಟಿರ್ತಾರೆ, ಇನ್ನೊಬ್ಬ ಮಾವ ಐನೂರು. ಐನೂರು ಕೊಟ್ಟವರ ಮನೆ ಪರಿಸ್ಥಿತಿ ನಿಮಗೆ ಗೊತ್ತಿರುತ್ತೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳ್ರಿ, ಆ ರೊಕ್ಕ ಯಾವುದಕ್ಕೆ ಬಂತು ಅಂತ ಹೇಳ್ರಿ. "ಮಾಮಾ, ನೀವು ಕೊಟ್ಟಿದ್ದರಾಗ ಕುಕ್ಕರ್ ತಗೊಂಡ್ವಿ, ಇವತ್ತು ಬ್ಯಾಳಿ ಅದರಾಗ ಬೇಯಿಸಿದ್ವಿ" ಅಂದ್ರೆ ಐನೂರು ರೂಪಾಯಿಗೂ ಐದು ಸಾವಿರದಷ್ಟೇ ಮರ್ಯಾದೆ.

ಸ್ಟೇಟಸ್ ಹಾಕೋದು ಚಂದ, ಆದರೆ ಅದು ಉತ್ತರ ಅಲ್ಲ. ಕೊಟ್ಟವರಿಗೆ ಮೊದಲು ಹೇಳಿ, ಆಮೇಲೆ ಊರಿಗೆ ತೋರಿಸ್ರಿ.

ಮದುವೆಯಾದವರು ಕೇಳ್ತೀರಿ, ಮುನ್ನೂರು ಮಂದಿ ಕೊಟ್ಟಿದ್ದಾರೆ, ಎಲ್ಲರಿಗೂ ಹೆಂಗೆ ಹೇಳೋದು ಅಂತ. ನಿಮ್ಮ ಹತ್ತಿರ ಆಯೇರಿ ವಹಿ ಇದೆಯಲ್ಲ! ಅದರ ಫೋಟೊ ತಕ್ಕೊಳ್ರಿ. ಗಂಡ ಹೆಂಡತಿ ಹಂಚ್ಕೊಳ್ರಿ, ದಿನಕ್ಕೆ ಇಬ್ಬರೂ ಐದೈದು ಮಂದಿ. ಒಂದು ತಿಂಗಳಲ್ಲಿ ಮುಗಿಯುತ್ತೆ. ಹೆಂಡತಿ ಕಡೆಯವರಿಗೆ ಗಂಡ, ಗಂಡನ ಕಡೆಯವರಿಗೆ ಹೆಂಡತಿ ಕರೆ ಮಾಡಿದ್ರೆ ಇನ್ನೂ ಒಳ್ಳೇದು. ಹೊಸ ಸಂಬಂಧದಲ್ಲಿ ಯಾರು ಕಾಕಾ, ಯಾರು ದೊಡಪ್ಪ, ಯಾರು ಚಿಗವ್ವ ಅಂತ ಆ ನೆಪದಲ್ಲೇ ಗೊತ್ತಾಗುತ್ತೆ. ಎಲ್ಲರಿಗೂ ಒಂದೇ ಫಾರ್ವರ್ಡ್ ಕಳಿಸಿದ್ರೆ ಎಲ್ಲರಿಗೂ ಗೊತ್ತಾಗುತ್ತೆ ಅದು ಫಾರ್ವರ್ಡ್ ಅಂತ.

ಉಡುಗೊರೆ ಹಿಡಿಸಲಿಲ್ಲ ಅಂದ್ರೆ? ಒಂಬತ್ತನೇ ಗೋಡೆ ಗಡಿಯಾರ ಬಂತು ಅಂದ್ರೆ? ಸುಳ್ಳು ಹೇಳಬೇಡ್ರಿ, ಚುಚ್ಚಿನೂ ಹೇಳಬೇಡ್ರಿ. ಅವರು ಪಟ್ಟ ಕಷ್ಟ ನಿಜ ಅಲ್ವಾ? "ಬಿಸಿಲಾಗ ಅಷ್ಟು ದೂರದಿಂದ ಹೊತ್ಕೊಂಡು ಬಂದ್ರಿ ಅಣ್ಣಾರ" ಅನ್ನೋದರಲ್ಲಿ ಸುಳ್ಳು ಇಲ್ಲ.

ತಕ್ಷಣ ತಿರುಗಿ ಉಡುಗೊರೆ ಕೊಡೋಕೆ ಹೋಗಬೇಡ್ರಿ. ಜಪಾನಿನಲ್ಲಿ ಓಕಾಯೇಶಿ ಅಂತ ಪದ್ಧತಿ ಇದೆ, ಬಂದ ಉಡುಗೊರೆಯ ಅರ್ಧ ಬೆಲೆಯಷ್ಟರ ಇನ್ನೊಂದು ವಸ್ತು ತಿರುಗಿ ಕೊಡೋದು. ಅಲ್ಲಿ ಅದು ನಡೆಯುತ್ತೆ. ನಮ್ಮಲ್ಲಿ ಇವತ್ತು ಕೊಟ್ಟಿದ್ದಕ್ಕೆ ನಾಳೆನೇ ವಾಪಸ್ ಕೊಟ್ಟರೆ ಲೆಕ್ಕ ಮುಗಿಸಿದಂಗೆ ಕಾಣುತ್ತೆ. ಮಾತು ಇವತ್ತು ಕೊಡ್ರಿ. ವಸ್ತುವಿಗೆ ಅದರದೇ ಸಮಯ ಬರುತ್ತೆ. ಬರದೇ ಇದ್ದರೂ ನಡೆಯುತ್ತೆ. ಕೊಡೋಕೆ ಕೈಯಲ್ಲಿ ಏನೂ ಇಲ್ಲದವರಿಗೂ ಮಾತು ಅನ್ನೋದು ಸಮ ಸಮ ಕೊಡಬಹುದಾದ ಒಂದೇ ವಸ್ತು. ಆಯೇರಿ ಮಾಡೋಕೆ ಆಗದೆ ಮನೆಯಲ್ಲಿ ಕೂತವರಿಗೆ ನಾವು ಇದನ್ನೇ ಹೇಳಬೇಕು, ಬರ್ರಿ, ನೀವು ಬಂದಿದ್ದೇ ನಮಗೆ ಮುಟ್ಟಿತು ಅಂತ.

ಬೇಡ ಅನ್ನಬೇಕಾದಾಗ ಹೆಂಗೆ? ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. 2023ರ ಜನವರಿ 2ರಂದು ತೀರಿಕೊಂಡರು. ಅವರ ಅಂಗಿಗೆ ಜೇಬು ಇರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. 2018ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿತು. ಅವರು ಪ್ರಧಾನಿಗೆ ಪತ್ರ ಬರೆದು, ಗೌರವಕ್ಕೆ ಕೃತಜ್ಞತೆ ಹೇಳಿ, ತಾವು ಸನ್ಯಾಸಿ, ಪ್ರಶಸ್ತಿಯ ಅಗತ್ಯ ತಮಗಿಲ್ಲ ಅಂತ ವಿನಯದಿಂದ ತಿಳಿಸಿದರು. ಕೊಟ್ಟವರನ್ನ ಸಣ್ಣವರನ್ನಾಗಿ ಮಾಡಲಿಲ್ಲ, ತಗೊಳ್ಳೋರನ್ನ ಹೀಯಾಳಿಸಲಿಲ್ಲ. ಕೊಡೋ ಮನಸ್ಸನ್ನ ತಗೊಂಡರು, ವಸ್ತುವನ್ನ ಬಿಟ್ಟರು. ನೀವು ಒಂದು ಉಡುಗೊರೆ ಬೇಡ ಅನ್ನಬೇಕಾದಾಗ ಈ ಕ್ರಮ ನೆನಪಿಡ್ರಿ. ಮೊದಲು ಕೃತಜ್ಞತೆ, ಆಮೇಲೆ ನಿಮ್ಮದೇ ಕಾರಣ, ಅಷ್ಟಕ್ಕೆ ನಿಲ್ಲಿಸೋದು.

ಕೊಡೋರಿಗೂ ಒಂದು ಮಾತು ಹೇಳದಿದ್ದರೆ ಈ ಕಂತು ಅರ್ಧ ಆಗುತ್ತೆ. ಉಡುಗೊರೆ ಕೊಟ್ಟು ಥ್ಯಾಂಕ್ಸ್ ಬರಲಿಲ್ಲ ಅಂತ ಸಿಟ್ಟಾಗೋರು ಇದ್ದಾರೆ. ಮುಟ್ಟಿತಾ ಅಂತ ಒಂದು ಸಲ ಕೇಳೋದು ತಪ್ಪಲ್ಲ, ಪಾರ್ಸೆಲ್ ಕಳೆದು ಹೋಗಿರಬಹುದು. ಮೂರನೇ ಸಲ ಕೇಳಿದ್ರೆ ಅದು ವಸೂಲಿ. ನಮ್ಮೂರು ಹಿಪ್ಪರಗಿ ಮಡಿವಾಳ ಮಾಚಯ್ಯ ಹುಟ್ಟಿದ ಊರು. ಬಸವಣ್ಣನ ಮನಸ್ಸಿನಲ್ಲಿ ನಾನು ದಾನಿ ಅನ್ನೋ ಹಮ್ಮು ಇಣುಕಿದಾಗ ಅದನ್ನ ಎದುರಿಗೆ ನಿಂತು ತಿದ್ದಿದವನು ಬಟ್ಟೆ ಒಗೆಯೋ ಈ ಮಾಚಯ್ಯ ಅಂತ ಕಥೆ ಇದೆ. ಅಂಥ ಊರಿನಿಂದ ಮಾತಾಡ್ತಾ, ಕೊಟ್ಟಿದ್ದನ್ನ ಎಣಿಸ್ಕೊಂಡು ಕೂರ್ರಿ ಅಂತ ನಾನು ಹೇಳೋಕೆ ಆಗೋದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಕೆಲವರಿಗೆ ಮುಜುಗರ ಇರುತ್ತೆ. ಏನೋ ನಾಟಕ ಮಾಡಿದಂಗೆ ಆಗುತ್ತೆ, ಅವರಿಗೆ ಏನನಿಸುತ್ತೋ ಅಂತ. ಅಮೆರಿಕದ ಅಮಿತ್ ಕುಮಾರ್, ನಿಕೋಲಸ್ ಎಪ್ಲಿ ಅನ್ನೋ ಇಬ್ಬರು ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ತಮಗೆ ಉಪಕಾರ ಮಾಡಿದವರಿಗೆ ಪತ್ರ ಬರೀರಿ ಅಂತ ಜನಕ್ಕೆ ಹೇಳಿದರು. ಓದಿದವರಿಗೆ ಏನನಿಸಬಹುದು ಅಂತ ಬರೆದವರನ್ನ ಕೇಳಿದರು. ಆಮೇಲೆ ಓದಿದವರನ್ನೇ ಕೇಳಿದರು. ಬರೆದವರು ಅಂದುಕೊಂಡಷ್ಟು ಮುಜುಗರ ಓದಿದವರಿಗೆ ಆಗಿರಲಿಲ್ಲ. ಅಂದುಕೊಂಡಿದ್ದಕ್ಕಿಂತ ಹೆಚ್ಚು ಖುಷಿ ಆಗಿತ್ತು. ಬರೆದವರು ಪದ ಸರಿ ಇದೆಯಾ ಅಂತ ಚಿಂತೆ ಮಾಡ್ತಿದ್ದರು, ಓದಿದವರು ನೋಡಿದ್ದು ಅದರಲ್ಲಿದ್ದ ಬೆಚ್ಚಗಿನ ಭಾವನೆಯನ್ನ. ಕಾಗುಣಿತ ತಪ್ಪಾದ್ರೂ ಕಾಕು ಬೈಯೋದಿಲ್ಲ ಅಂತ ಅರ್ಥ.

ನಮ್ಮ ಮುತ್ಯಾನ ಕಾಲದಲ್ಲಿ ಉತ್ತರ ಕೊಡೋಕೆ ಮುಂದಿನ ಮದುವೆವರೆಗೆ ಕಾಯಬೇಕಿತ್ತು, ಬಸ್ಸು ಹತ್ತಿ ಹೋಗಬೇಕಿತ್ತು. ನಮಗೆ ಅರ್ಧ ನಿಮಿಷ ಸಾಕು. ಅರ್ಧ ನಿಮಿಷದ ಕೆಲಸ ಆಗಿರೋದರಿಂದಲೇ ಅದನ್ನ ಮಾಡದೇ ಬಿಟ್ಟರೆ ಎದುರಿನವರಿಗೆ ನೋವಾಗುತ್ತೆ. ವಯಸ್ಸಾದವರ ವಿಷಯದಲ್ಲಂತೂ ಕಾಯೋಕೆ ಹೋಗಬೇಡ್ರಿ. ಅವರು ಹೊಲಿದದ್ದು, ಕುಟ್ಟಿದ್ದು, ಕಟ್ಟಿ ಕಳಿಸಿದ್ದು ನಮ್ಮ ಹತ್ತಿರ ಇನ್ನೂ ಇರುತ್ತೆ, ಮುಟ್ಟಿತು ಅಂತ ಕೇಳಿಸಿಕೊಳ್ಳೋ ಕಿವಿ ಇರೋದಿಲ್ಲ.

ಹಂಗಾಗಿ ಇವತ್ತು ನಿಮಗೆ ಒಂದು ಕೆಲಸ ಕೊಡ್ತೀನಿ. ಕೋಣೆಯಲ್ಲಿ ಒಂದು ಸಲ ಸುತ್ತ ನೋಡ್ರಿ. ಯಾರೋ ಕೊಟ್ಟ ವಸ್ತು ಒಂದಾದ್ರೂ ಇರುತ್ತೆ. ನೀರಿನ ಬಾಟಲಿ, ಸ್ವೆಟರ್, ಚಟ್ನಿ ಡಬ್ಬಿ, ಪರೀಕ್ಷೆಗೆ ಅಂತ ಕೊಡಿಸಿದ ಪೆನ್ನು. ಅದರ ಹೆಸರು ಹೇಳಿ, ಅದು ಇವತ್ತು ಏನು ಮಾಡ್ತಿದೆ ಅಂತ ಹೇಳಿ, ಕೊಟ್ಟವರಿಗೆ ಒಂದು ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಕಂತು ಹಾಕೋ ಮುಂಚೆನೇ ಕಳಿಸ್ರಿ, ನಾನು ಕಾಯ್ತೀನಿ.

ಬರ್ತೀನ್ರಿ. ಶರಣು ಶರಣಾರ್ಥಿ.